ಗಾಳಿ, ನೀರು ಮತ್ತು ಬಾಗಿಲು

ಹೊಸಹೊಳಲು ಎಂಬ ಹೆಸರಿನ ಅರ್ಥ ತಿಳಿಯಬೇಕಾದರೆ ಹಳಗನ್ನಡದ ‘ಪೊೞಲ್’ ಎಂಬ ಶಬ್ದದ ತನಕ ಹೋಗಬೇಕು. ಪೊೞಲ್ ಎಂದರೆ ಪಟ್ಟಣ. ಅದು ಹೊಳಲಾಗಿ, ಅದಕ್ಕೆ ‘ಹೊಸ’ ಸೇರಿ, ಹೊಸ ಪಟ್ಟಣ ಎಂಬ ಅರ್ಥದ ಊರಹೆಸರಾಯಿತು. ಇಂದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹೊಸ ಬಡಾವಣೆ ಎನ್ನುತ್ತೇವಲ್ಲ, ಹಾಗೆ ಒಂದು ಕಾಲದಲ್ಲಿ ಇದೂ ಹೊಸದಾಗಿ ಗೆರೆ ಎಳೆದು, ಬೀದಿ ಹಾಕಿ, ಜನರನ್ನು ಕರೆದು ನೆಲೆಗೊಳಿಸಿದ ಊರಾಗಿರಬೇಕು. ಈಗ ಅದು ಮಂಡ್ಯ ಜಿಲ್ಲೆಯಲ್ಲಿ ಕೃಷ್ಣರಾಜಪೇಟೆಯ ಮಗ್ಗುಲಿಗೆ ಇರುವ ಹಳೆಯ ಊರು. ಹೆಸರಿನಲ್ಲಿ ಮಾತ್ರ ಹೊಸತನ ಉಳಿದಿದೆ.

ಹೊಸ ಊರು ಕಟ್ಟುವವರನ್ನೂ ಹೊಸ ಮನೆ ಕಟ್ಟುವವರನ್ನೂ ಕಾಡುವ ಮೊದಲ ಪ್ರಶ್ನೆ ಒಂದೇ: ಬಾಗಿಲು ಯಾವ ಕಡೆಗೆ? ಈ ಪ್ರಶ್ನೆಗೆ ಉತ್ತರ ಹೇಳುವ ಶಾಸ್ತ್ರ ನಮ್ಮಲ್ಲಿ ವಾಸ್ತು ಎನಿಸಿಕೊಂಡಿತು; ಚೀನೀಯರಲ್ಲಿ ಫೆಂಗ್ ಶುಯಿ ಎನಿಸಿಕೊಂಡಿತು. ಕಳೆದ ಮೂರು ದಶಕಗಳಿಂದ ಈ ಎರಡೂ ನಮ್ಮ ಪಟ್ಟಣದ ಮನೆಗಳಲ್ಲಿ ಒಂದೇ ಗೋಡೆಗೆ ನೇತುಬಿದ್ದಿವೆ. ಈಶಾನ್ಯದಲ್ಲಿ ದೇವರ ಮನೆ, ಬಾಗಿಲಲ್ಲಿ ಕಿಣಿಕಿಣಿ ಎನ್ನುವ ಗಾಳಿಗಂಟೆ, ಮೇಜಿನ ಮೇಲೆ ಹೊಟ್ಟೆ ಬಿಟ್ಟುಕೊಂಡು ನಗುವ ಬುದ್ಧ. ಎರಡು ಶಾಸ್ತ್ರಗಳೂ ಹುಟ್ಟಿದ ನೆಲವನ್ನು ಒಮ್ಮೆ ನೋಡಿ ಬಂದರೆ ಈ ಸಹವಾಸ ಎಷ್ಟು ವಿಚಿತ್ರವಾದದ್ದೆಂದು ತಿಳಿಯುತ್ತದೆ. ಆ ಪ್ರಯಾಣವನ್ನು ನಾನು ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದಿಂದ ಹೊರಡಿಸುತ್ತೇನೆ.

ಹೊಯ್ಸಳ ವೀರಸೋಮೇಶ್ವರನ ಕಾಲದ, ಸುಮಾರು 1250ರ ಕಟ್ಟಡ ಅದು. ಬಳಪದ ಕಲ್ಲಿನದು. ಬುಡದಿಂದ ಮೇಲಕ್ಕೆ ಆನೆಗಳ ಸಾಲು, ಕುದುರೆ ಸವಾರರ ಸಾಲು, ಬಳ್ಳಿಯ ಸಾಲು, ಅದರ ಮೇಲೆ ರಾಮಾಯಣ ಮಹಾಭಾರತಗಳ ಕಥೆ. ನೋಡಲು ಹೋದವರ ಕಣ್ಣು ಈ ಕೆತ್ತನೆಯಲ್ಲೇ ಸಿಕ್ಕಿಕೊಳ್ಳುವುದು ಸಹಜ. ಆದರೆ ಇಂದಿನ ನಮ್ಮ ವಿಷಯಕ್ಕೆ ಬೇಕಾದದ್ದು ಅದರ ತಳವಿನ್ಯಾಸ. ದೇವಾಲಯ ತ್ರಿಕೂಟ, ಒಂದು ನವರಂಗಕ್ಕೆ ಮೂರು ಗರ್ಭಗುಡಿಗಳು. ಪ್ರಧಾನ ದೇವರು ಪಶ್ಚಿಮದ ಗುಡಿಯಲ್ಲಿ ನಿಂತು ಪೂರ್ವಕ್ಕೆ ನೋಡುತ್ತಾನೆ. ಉಳಿದ ಎರಡು ಗುಡಿಗಳು ಎದುರುಬದುರು. ಹಾಗಾದರೆ ಉತ್ತರದ ಗುಡಿಯ ದೇವರು ಯಾವ ದಿಕ್ಕಿಗೆ ಮುಖಮಾಡಿದ್ದಾನೆ? ದಕ್ಷಿಣಕ್ಕೆ. ಇಂದು ಯಮನ ದಿಕ್ಕೆಂದು ನಾವು ನಿವೇಶನ ಕೊಳ್ಳಲು ಹಿಂಜರಿಯುವ ಅದೇ ದಕ್ಷಿಣಕ್ಕೆ, ಏಳೂಮುಕ್ಕಾಲು ಶತಮಾನಗಳಿಂದ ಆತ ಯಾವ ಅಳುಕೂ ಇಲ್ಲದೆ ನೋಡುತ್ತಾ ನಿಂತಿದ್ದಾನೆ. ದೇವರ ಮಾತು ಬೇರೆ, ಮನುಷ್ಯರ ಮಾತು ಬೇರೆ ಎನ್ನುವವರು ಇದ್ದಾರೆ. ಅವರಿಗೆ ಮನುಷ್ಯರ ಬೀದಿಯ ಮಾತನ್ನು ಮುಂದೆ ಹೇಳುತ್ತೇನೆ.

ಹೊಯ್ಸಳರ ಸ್ಥಪತಿಗಳಿಗೆ ದಿಕ್ಕಿನ ವಿಷಯದಲ್ಲಿ ಉದಾಸೀನವಿತ್ತೆಂದು ಇದರ ಅರ್ಥವಲ್ಲ. ಹೊರಗೋಡೆ ನಕ್ಷತ್ರದ ಮೂಲೆಗಳಂತೆ ಎಷ್ಟೇ ಮಡಿಚಿಕೊಂಡಿದ್ದರೂ ಒಳಗಿನ ಗರ್ಭಗೃಹ ಚೌಕ. ಆ ಚೌಕ ದಿಕ್ಕುಗಳಿಗೆ ಸರಿಯಾಗಿ ಕೂರುತ್ತದೆ. ದಿಕ್ಕು ಹಿಡಿಯುವ ಕ್ರಮವನ್ನು ಮಾನಸಾರ, ಮಯಮತ ಮೊದಲಾದ ಗ್ರಂಥಗಳು ವಿವರಿಸುತ್ತವೆ. ಸಮಮಾಡಿದ ನೆಲದ ಮೇಲೆ ಒಂದು ವೃತ್ತ ಎಳೆದು ನಡುವೆ ಶಂಕುವನ್ನು, ಎಂದರೆ ನೆಟ್ಟಗಿನ ಒಂದು ಗೂಟವನ್ನು ನಿಲ್ಲಿಸುವುದು. ಬೆಳಿಗ್ಗೆ ಅದರ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಜಾಗಕ್ಕೊಂದು ಗುರುತು, ಮಧ್ಯಾಹ್ನ ಕಳೆದ ಮೇಲೆ ಮತ್ತೆ ಮುಟ್ಟಿದ ಜಾಗಕ್ಕೊಂದು ಗುರುತು. ಎರಡನ್ನೂ ಸೇರಿಸಿದ ಗೆರೆಯೇ ಪೂರ್ವಪಶ್ಚಿಮ. ಒಂದು ಗೂಟ, ಒಂದು ಹಗ್ಗ, ಒಂದು ದಿನದ ಬಿಸಿಲು: ಇಷ್ಟೇ ಸಾಮಗ್ರಿ. ನಮ್ಮ ಶಾಸ್ತ್ರದ ದಿಕ್ಕು ಸೂರ್ಯನಿಂದ ಬಂದದ್ದು.

ಚೀನೀಯರ ದಿಕ್ಕು ಸೂಜಿಯಿಂದ ಬಂತು. ಕಾಂತದ ಸೂಜಿ ದಕ್ಷಿಣವನ್ನು ತೋರಿಸುತ್ತದೆಂಬುದನ್ನೂ, ನೇರ ದಕ್ಷಿಣಕ್ಕಿಂತ ಕೊಂಚ ಪೂರ್ವಕ್ಕೆ ವಾಲುತ್ತದೆಂಬುದನ್ನೂ ಷೆನ್ ಕುವೊ ಎಂಬ ಪಂಡಿತ ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಬರೆದಿಟ್ಟ. ಅಲ್ಲಿಯ ಭೂಲಕ್ಷಣಜ್ಞರು ಸೂಜಿಯ ಸುತ್ತ ವೃತ್ತದ ಮೇಲೆ ವೃತ್ತ ಬರೆದು ಲುವೊಪಾನ್ ಎಂಬ ತಟ್ಟೆಯನ್ನು ಮಾಡಿಕೊಂಡರು. ಮನೆಗೂ ಗೋರಿಗೂ ಜಾಗ ನೋಡಲು ಬೆಳೆದ ಈ ಸೂಜಿಯ ವಿದ್ಯೆಯೇ ಹಡಗಿನವರ ಕೈ ಸೇರಿ ಸಮುದ್ರಗಳನ್ನು ದಾಟಿಸಿತು. ಫೆಂಗ್ ಶುಯಿಯನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಬಿಡುವವರು ಈ ಋಣವನ್ನು ನೆನೆಯಬೇಕು.

‘ಫೆಂಗ್’ ಎಂದರೆ ಗಾಳಿ, ‘ಶುಯಿ’ ಎಂದರೆ ನೀರು. ಕ್ರಿ.ಶ. 324ರಲ್ಲಿ ತೀರಿಕೊಂಡ ಗುವೊ ಪು ಎಂಬ ವಿದ್ವಾಂಸನ ಹೆಸರಿನಲ್ಲಿ ‘ಶವಸಂಸ್ಕಾರದ ಪುಸ್ತಕ’ವೊಂದಿದೆ. ಅದು ಅವನದೇ ಎಂದು ಇಂದಿನ ಪಂಡಿತರು ಒಪ್ಪುವುದಿಲ್ಲ. ನೆಲದಲ್ಲಿ ಹರಿಯುವ ‘ಚೀ’ ಎಂಬ ಪ್ರಾಣಶಕ್ತಿಯನ್ನು ಗಾಳಿ ಚದುರಿಸುತ್ತದೆ, ನೀರು ತಡೆದು ನಿಲ್ಲಿಸುತ್ತದೆ ಎಂಬುದು ಅದರ ಮೂಲ ವಿಚಾರ. ಆದ್ದರಿಂದ ಬೆನ್ನಿಗೆ ಬೆಟ್ಟವಿರಬೇಕು, ಮುಂದೆ ನೀರಿರಬೇಕು, ಮನೆ ದಕ್ಷಿಣಕ್ಕೆ ಮುಖಮಾಡಬೇಕು. ಚೀನದ ಉತ್ತರಭಾಗದ ಚಳಿಗಾಲವನ್ನು ನೆನೆದರೆ ಇದರ ಮರ್ಮ ತಾನೇ ತೆರೆದುಕೊಳ್ಳುತ್ತದೆ. ಅಲ್ಲಿ ಉತ್ತರದಿಂದ ಬೀಸುವುದು ಮೂಳೆ ಕೊರೆಯುವ ಗಾಳಿ. ಬಿಸಿಲು ಸಿಗುವುದು ದಕ್ಷಿಣದಿಂದ. ಪೀಕಿಂಗಿನ ಅಂಗಳದ ಮನೆಗಳಲ್ಲಿ ನಾಲ್ಕು ಕಡೆಗೂ ಕೋಣೆಗಳು, ನಡುವೆ ವಿಶಾಲವಾದ ಬಯಲು. ಹಿರಿಯರ ಕೋಣೆ ಉತ್ತರದ ಸಾಲಿನಲ್ಲಿ, ದಕ್ಷಿಣಾಭಿಮುಖವಾಗಿ. ಆಗ್ನೇಯ ಮೂಲೆಯಲ್ಲಿ ಬೀದಿಬಾಗಿಲು. ಅಂಗಳ ಅಷ್ಟು ವಿಶಾಲವಾಗಿರುವುದು ಬಿಸಿಲು ಕರೆಯಲು.

ನಮ್ಮ ತೊಟ್ಟಿ ಮನೆಯೂ ಹೊರನೋಟಕ್ಕೆ ಅದರ ಒಡಹುಟ್ಟಿದಂತೆಯೇ ಕಾಣುತ್ತದೆ. ನಾಲ್ಕು ಕಡೆಯ ಹಜಾರ, ನಡುವೆ ತೆರೆದ ತೊಟ್ಟಿ. ಆದರೆ ನಮ್ಮ ತೊಟ್ಟಿ ಚಿಕ್ಕದು. ಬಿಸಿಲನ್ನು ಅಳೆದು ಒಳಗೆ ಬಿಡುವಂಥದು. ನಾಲ್ಕು ಕಡೆಯ ಹೆಂಚಿನ ಮಾಡೂ ಒಳಕ್ಕೆ ಇಳಿದಿರುವುದರಿಂದ ಮಳೆಯ ನೀರು ತೊಟ್ಟಿಗೆ ಬಿದ್ದು ಅಲ್ಲಿಂದ ಹೊರಕ್ಕೆ ಹರಿಯುತ್ತದೆ. ಮುಂಗಾರಿನಲ್ಲಿ ಮನೆಯವರು ಸೂರಿನ ಕೆಳಗೆ ಹಂಡೆ ಕೊಡಗಳನ್ನು ಸಾಲಾಗಿ ಇಡುತ್ತಿದ್ದರು. ಬಿಸಿಯಾದ ಗಾಳಿ ತೊಟ್ಟಿಯಿಂದ ಮೇಲಕ್ಕೇರಿದಂತೆ ಬೀದಿಯ ಕಡೆಯಿಂದಲೂ ಹಿತ್ತಿಲ ಕಡೆಯಿಂದಲೂ ತಂಗಾಳಿ ಒಳಗೆ ಸೇರುತ್ತಿತ್ತು. ಅಲ್ಲಿಯ ಅಂಗಳ ಚಳಿಗೆ ಉತ್ತರ. ಇಲ್ಲಿಯ ತೊಟ್ಟಿ ಸೆಕೆಗೂ ಮಳೆಗೂ ಉತ್ತರ. ಒಂದರ ನಿಯಮವನ್ನು ಇನ್ನೊಂದಕ್ಕೆ ಅಂಟಿಸಿದರೆ ಮಂಡ್ಯದ ಮನೆಗೆ ಪೀಕಿಂಗಿನ ಕಂಬಳಿ ಹೊದಿಸಿದಂತಾದೀತು.

ನಮ್ಮವರೂ ವಾಸ್ತುವನ್ನು ಗಾಳಿ ನೀರುಗಳಿಂದ ಬೇರ್ಪಡಿಸಿ ನೋಡಿದವರಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಾಸ್ತುವಿದ್ಯೆಯ ಮಗ್ಗುಲಲ್ಲೇ ನೆಲದೊಳಗಿನ ನೀರನ್ನು ಹುಡುಕುವ ವಿದ್ಯೆಯಿದೆ. ಕನ್ನಡದಲ್ಲಿ ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರಂ’ ಎಂಬ ಗ್ರಂಥವಿದೆ. ಈತ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ. ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಮತ್ತೊಬ್ಬ. ಜ್ಯೋತಿಷ, ವಾಸ್ತು, ನೀರಿನ ನೆಲೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ವಿಷಕ್ಕೆ ಮದ್ದು ಎಲ್ಲವೂ ಆ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಕುಳಿತಿವೆ. ಬಾವಿ ಎಲ್ಲಿ ತೋಡಬೇಕು, ಮಾವಿನ ಗಿಡಕ್ಕೆ ಏನು ಹಾಕಬೇಕು ಎಂದು ತಿಳಿಯಬಯಸಿದ ಗೃಹಸ್ಥನೇ ಬಾಗಿಲು ಎಲ್ಲಿಡಬೇಕೆಂದೂ ಅದರಲ್ಲಿ ನೋಡುತ್ತಿದ್ದ. ವಾಸ್ತು ಅವನಿಗೆ ಮನೆವಾರ್ತೆಯ ಒಂದು ಭಾಗವಾಗಿತ್ತು. ಅದೊಂದನ್ನೇ ಕಿತ್ತು ತೆಗೆದು, ಬಾವಿ ಹಿತ್ತಿಲುಗಳನ್ನೆಲ್ಲ ಕೈಬಿಟ್ಟು, ಭಯಕ್ಕೆ ಜೋಡಿಸಿದ್ದು ಈಚಿನವರು.

ಈ ಶಾಸ್ತ್ರವನ್ನು ಲೋಕಕ್ಕೆ ಇಂಗ್ಲಿಷಿನಲ್ಲಿ ಮೊದಲು ವಿವರಿಸಿದ ಪುಸ್ತಕವೂ ನಮ್ಮ ಬೆಂಗಳೂರಿನ ನಂಟುಳ್ಳದ್ದೇ ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ. ಬೆಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ರಾಮರಾಜ್ ಎಂಬುವರು ಬರೆದ ಹಿಂದೂ ವಾಸ್ತುಶಿಲ್ಪದ ಪ್ರಬಂಧವನ್ನು ಅವರು ತೀರಿಕೊಂಡ ಮೇಲೆ, 1834ರಲ್ಲಿ, ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ ಪ್ರಕಟಿಸಿತು. ಅವರು ಎದುರಿಸಿದ ತೊಡಕು ಇಂದಿಗೂ ಪಾಠವಾಗಬಲ್ಲದು. ಸಂಸ್ಕೃತ ಬಲ್ಲ ಪಂಡಿತರಿಗೆ ಶಿಲ್ಪದ ಪಾರಿಭಾಷಿಕ ಪದಗಳು ಅರ್ಥವಾಗುತ್ತಿರಲಿಲ್ಲ. ಕಟ್ಟಡ ಕಟ್ಟಬಲ್ಲ ಶಿಲ್ಪಿಗಳಿಗೆ ಸಂಸ್ಕೃತ ಬರುತ್ತಿರಲಿಲ್ಲ. ಇಬ್ಬರನ್ನೂ ಕೂರಿಸಿಕೊಂಡು ಅವರು ಅರ್ಥ ಬಿಡಿಸಬೇಕಾಯಿತು. ಇಂದು ಸಲಹೆ ನೀಡುವವರಲ್ಲಿ ಎಷ್ಟು ಜನಕ್ಕೆ ಸಂಸ್ಕೃತ ಬರುತ್ತದೆ, ಎಷ್ಟು ಜನಕ್ಕೆ ಗಾರೆ ಕಲಸಲು ಬರುತ್ತದೆ ಎಂಬುದನ್ನು ಕೇಳುಗರ ಊಹೆಗೆ ಬಿಡುತ್ತೇನೆ.

ಶಿಲ್ಪಿಗಳ ಲೆಕ್ಕದ ಒಂದು ಉದಾಹರಣೆ ಕೊಡಬೇಕು. ನನಗೆ ಅದರಲ್ಲಿ ವಿಶೇಷ ಪ್ರೀತಿ. ನಮ್ಮ ಕಡೆ ಮನೆ ಕಟ್ಟುವಾಗ ‘ಆಯ’ ನೋಡುವ ಪದ್ಧತಿಯಿದೆ. ‘ಆಯ ತಪ್ಪಿ ಬಿದ್ದ’ ಎನ್ನುವಾಗ ಬರುವುದೂ ಇದೇ ಮಾತು. ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಶೇಷ ಒಂದಾದರೆ ಧ್ವಜಾಯ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ. ಏನೂ ಉಳಿಯದಿದ್ದರೆ ಕಾಕ. ಬೆಸ ಸಂಖ್ಯೆಗಳು ಶುಭ, ಸಮ ಸಂಖ್ಯೆಗಳು ಅಶುಭ. ಕೆಲವರು ಗುಣಲಬ್ಧವನ್ನು ಮತ್ತೆ ಒಂಬತ್ತರಿಂದ ಗುಣಿಸುವುದುಂಟು. ಎಂಟರಿಂದ ಭಾಗಿಸುವಾಗ ಅದರಿಂದ ಶೇಷ ಬದಲಾಗುವುದಿಲ್ಲ, ಗಾಂಭೀರ್ಯ ಮಾತ್ರ ಹೆಚ್ಚುತ್ತದೆ.

ಪೆನ್ಸಿಲು ಹಿಡಿದು ಕುಳಿತವರು ಲೆಕ್ಕ ಹಾಕಿ ನೋಡಬಹುದು. ನಮ್ಮ ಬಡಾವಣೆಗಳಲ್ಲಿ ಎಲ್ಲರೂ ಆಸೆಪಡುವ 30–40ರ ಸೈಟು 1200 ಚದರ ಅಡಿ. ಎಂಟರಿಂದ ಭಾಗಿಸಿದರೆ ಏನೂ ಉಳಿಯದು, ಕಾಕಾಯ. 20–30ರದೂ ಅಷ್ಟೇ, 40–60ರದೂ ಅಷ್ಟೇ. ಹಾಗೆಂದು ಊರಿಗೆ ಊರೇ ಕಾಗೆಯ ಪಾಲಾಯಿತೇ? ಇಲ್ಲ. ಮೇಸ್ತ್ರಿ ಅಳೆಯುವುದು ಗೋಡೆಯನ್ನು, ಸೈಟನ್ನಲ್ಲ. ಒಂದೊಂದು ಅಡಿ ಒಳಕ್ಕೆ ತಂದು 29–39 ಮಾಡಿದರೆ 1131. ಶೇಷ ಮೂರು, ಸಿಂಹಾಯ. ಗುಟ್ಟು ಇಷ್ಟೇ: ಬೆಸವನ್ನು ಬೆಸದಿಂದ ಗುಣಿಸಿದರೆ ಬರುವುದು ಬೆಸವೇ. ಎರಡು ಅಳತೆಗಳನ್ನೂ ಬೆಸವಾಗಿಟ್ಟುಕೊಂಡರೆ ಅಶುಭ ಆಯ ಬರುವುದೇ ಸಾಧ್ಯವಿಲ್ಲ. ಈ ಶಾಸ್ತ್ರ ಯಾರನ್ನೂ ನೆಲದಿಂದ ಓಡಿಸುತ್ತಿರಲಿಲ್ಲ. ಒಂದಡಿ ಸರಿಸಿ ಸಮಾಧಾನ ಮಾಡಿ, ಸುತ್ತ ಒಂದಿಷ್ಟು ಜಾಗ ಬಿಡಿಸಿ ಕಳಿಸುತ್ತಿತ್ತು. ಸಿಂಹವೋ ಗಜವೋ ಮನೆಗೆ ಏನು ತಂದುಕೊಡುತ್ತದೆಂಬುದನ್ನು ನಾನು ನಂಬಬೇಕಾಗಿಲ್ಲ. ಆದರೆ ಆ ಮೇಸ್ತ್ರಿಯ ಸೌಜನ್ಯವನ್ನು ಮೆಚ್ಚದಿರಲಾರೆ.

ಗಾಳಿ ಕೆಟ್ಟಿತೆಂದು ನೆಲೆ ಬದಲಿಸುವುದು ಚೀನೀಯರಿಗೂ ನಮಗೂ ಮಾತ್ರ ಮೀಸಲಾದದ್ದಲ್ಲ. ಹೊಸಹೊಳಲಿನಿಂದ ಶ್ರೀರಂಗಪಟ್ಟಣ ದೂರವೇನಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರ ದಂಡು ಅಲ್ಲಿಯೇ ಬೀಡುಬಿಟ್ಟಿತು. ಕಾವೇರಿಯ ನಡುವಿನ ದ್ವೀಪ. ಮುಂದೆ ನೀರು, ಹಿಂದೆ ನೀರು. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಮಹಲು ನಾಲ್ಕು ಕಡೆಗೂ ಮೊಗಸಾಲೆ ತೆರೆದುಕೊಂಡು ತೋಟದ ನಡುವೆ ನಿಂತಿದೆ. ಇದಕ್ಕಿಂತ ಒಳ್ಳೆಯ ಗಾಳಿ ನೀರು ಯಾರಿಗೆ ಬೇಕು? ಆದರೆ ಸೋಲ್ಜರುಗಳು ಜ್ವರದಿಂದ ಸತ್ತರು. ದಂಡು 1809ರಲ್ಲಿ ಬೆಂಗಳೂರಿಗೆ ಹೋಯಿತು. ಬೆಂಗಳೂರಿನ ದಂಡುಪ್ರದೇಶ ಹುಟ್ಟಿದ್ದು ಹೀಗೆ. ದ್ವೀಪದ ಗಾಳಿಯೇ ವಿಷವೆಂದು ಅವರ ವೈದ್ಯರು ನಂಬಿದ್ದರು. ಮಲೇರಿಯಾ ಎಂಬ ಇಟಲಿಯ ಮಾತಿಗೆ ಅರ್ಥವೇ ಕೆಟ್ಟ ಗಾಳಿ. ಅದು ಅವರ ಫೆಂಗ್ ಶುಯಿ.

1883ರಲ್ಲಿ ಅದೇ ಬೆಂಗಳೂರಿನ ದಂಡಿನಲ್ಲಿ ರೊನಾಲ್ಡ್ ರಾಸ್ ಎಂಬ ಎಳೆಯ ವೈದ್ಯನಿದ್ದ. ತನ್ನ ಬಂಗಲೆಯಲ್ಲಿ ಸೊಳ್ಳೆ ಏಕೆ ಇಷ್ಟೆಂದು ಹುಡುಕಿದಾಗ ಕಿಟಕಿಯ ಹೊರಗೆ ನೀರು ನಿಂತ ಪೀಪಾಯಿ ಕಂಡಿತು. ಅದನ್ನು ಬರಿದು ಮಾಡಿಸಿದ, ಸೊಳ್ಳೆ ಕಡಿಮೆಯಾಯಿತು. ಹದಿನಾಲ್ಕು ವರ್ಷಗಳ ಮೇಲೆ, 1897ರಲ್ಲಿ, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಅಣುಜೀವಿಯನ್ನು ಕಂಡುಹಿಡಿದವನು ಅವನೇ. ತಪ್ಪು ಗಾಳಿಯದಾಗಿರಲಿಲ್ಲ, ನಿಂತ ನೀರಿನದಾಗಿತ್ತು. ಅದನ್ನು ತಿಳಿದ ಮೇಲೆ ಮನುಷ್ಯ ಊರು ಬಿಡಬೇಕಾಗಲಿಲ್ಲ, ಪೀಪಾಯಿ ಮಗುಚಿದರೆ ಸಾಕಾಯಿತು. 1898ರ ಪ್ಲೇಗಿನ ಪೆಟ್ಟು ತಿಂದ ಬೆಂಗಳೂರು ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ಬೀದಿ ಹಾಕಿ ಮನೆಮನೆಯ ನಡುವೆ ಜಾಗ ಬಿಟ್ಟು ಬೆಳೆದದ್ದೂ ಇದೇ ಕಾಲದ ಪಾಠ.

ಇಷ್ಟೆಲ್ಲ ಕಲಿತ ಮೇಲೆ ನಾವು ಹಿಂದಕ್ಕೆ ಹೋದದ್ದು ಹೇಗೆ? ಚೀನದಲ್ಲಿ 1949ರ ನಂತರ ಫೆಂಗ್ ಶುಯಿಗೆ ಮೂಢನಂಬಿಕೆಯೆಂಬ ಹಣೆಪಟ್ಟಿ ಬಿತ್ತು. ಹಾಂಗ್‌ಕಾಂಗ್, ಮಲೇಷ್ಯಾಗಳ ಚೀನೀಯರಲ್ಲಿ ಅದು ಉಳಿಯಿತು. ಅಲ್ಲಿಂದ ಇಂಗ್ಲಿಷ್ ಪುಸ್ತಕಗಳ ಮೂಲಕ, ಮಲೇಷ್ಯಾದ ಲಿಲಿಯನ್ ಟೂ ಅವರಂಥವರ ಬರಹಗಳ ಮೂಲಕ, 1990ರ ದಶಕದಲ್ಲಿ ನಮ್ಮ ಪಟ್ಟಣಗಳಿಗೆ ಬಂತು. ಬೆಟ್ಟವನ್ನೂ ಹೊಳೆಯನ್ನೂ ಪುಸ್ತಕದ ಜೊತೆ ತರಲಾಗದು. ಆದ್ದರಿಂದ ಅವುಗಳ ಬದಲಿಗೆ ಬೊಂಬೆಗಳು ಬಂದವು. ನಗುವ ಬುದ್ಧನ ಕಥೆಯನ್ನೇ ನೋಡಿ. ಅವನು ಹತ್ತನೆಯ ಶತಮಾನದಲ್ಲಿ ಚೀನದಲ್ಲಿದ್ದ ಬುದೈ ಎಂಬ ಜೋಳಿಗೆಯ ಸಂನ್ಯಾಸಿ. ಮೈತ್ರೇಯ ಬುದ್ಧನ ಅವತಾರವೆಂದು ಜನ ನಂಬಿದರು. ನಮ್ಮಿಂದ ಹೋದ ಮೈತ್ರೇಯ ಸಾವಿರ ವರ್ಷಗಳ ಮೇಲೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಬೆಲೆಚೀಟಿ ಅಂಟಿಸಿಕೊಂಡು ಮರಳಿದ್ದಾನೆ. ಒಂದು ಶಾಸ್ತ್ರ ದಕ್ಷಿಣವೇ ಶ್ರೇಷ್ಠ ಎನ್ನುತ್ತದೆ, ಇನ್ನೊಂದು ದಕ್ಷಿಣ ಬೇಡ ಎನ್ನುತ್ತದೆ. ದಕ್ಷಿಣದ ಬಾಗಿಲಿನ ದೋಷ ಕಳೆಯಲು ದಕ್ಷಿಣವನ್ನೇ ಮೆಚ್ಚುವ ಶಾಸ್ತ್ರದ ಗಾಳಿಗಂಟೆಯನ್ನು ತಂದು ಕಟ್ಟುತ್ತೇವೆ. ಇನ್ನು ದಿಕ್ಕನ್ನು ನೋಡುವುದೋ, ಮೊಬೈಲಿನ ದಿಕ್ಸೂಚಿಯಿಂದ. ಕಬ್ಬಿಣದ ಸರಳು ತುಂಬಿದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ, ಲಿಫ್ಟಿನ ಪಕ್ಕದಲ್ಲಿ ನಿಂತು. ಕಬ್ಬಿಣದ ಬಳಿ ಕಾಂತದ ಸೂಜಿ ಏನಾಗುತ್ತದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು.

ಬೀದಿಯ ಮಾತು ಹೇಳುತ್ತೇನೆಂದಿದ್ದೆ. ಪೂರ್ವಪಶ್ಚಿಮವಾಗಿ ಹಾಕಿದ ಯಾವ ಬೀದಿಯಲ್ಲೂ ಒಂದು ಸಾಲಿನ ಮನೆಗಳು ಉತ್ತರಕ್ಕೆ ನೋಡಿದರೆ ಎದುರುಸಾಲಿನವು ದಕ್ಷಿಣಕ್ಕೆ ನೋಡಲೇಬೇಕು. ನಮ್ಮ ಹಳೆಯ ಅಗ್ರಹಾರಗಳಲ್ಲಿ ಇಂಥ ಬೀದಿಗಳು ಎಷ್ಟೋ ಇವೆ. ಶಾಸ್ತ್ರ ಬಲ್ಲವರೇ ತುಂಬಿದ್ದ ಆ ಊರುಗಳಲ್ಲಿ ಅರ್ಧ ಬೀದಿಯನ್ನು ಯಮನಿಗೆ ಬಿಟ್ಟುಕೊಟ್ಟು ಖಾಲಿ ಇಟ್ಟವರಿಲ್ಲ. ಎರಡೂ ಸಾಲುಗಳಲ್ಲಿ ಮಕ್ಕಳು ಹುಟ್ಟಿದರು, ಮುದುಕರು ಸತ್ತರು.

ಹೊಸಹೊಳಲಿನಲ್ಲಿ ನನ್ನ ಸೋದರತ್ತೆಯ ಮನೆ ಅಂಥ ಒಂದು ದಕ್ಷಿಣದ ಬಾಗಿಲಿನ ಮನೆ. ಅತ್ತೆಯ ಮಗನಿಗೆ ವ್ಯಾಪಾರದಲ್ಲಿ ಎರಡು ವರ್ಷ ನಷ್ಟವಾಯಿತು. ಬಲ್ಲವರೊಬ್ಬರು ಬಂದು ನೋಡಿ, ಬಾಗಿಲೇ ಕಾರಣವೆಂದರು. ಅವನು ಸಾಲದ ಮೇಲೆ ಮತ್ತೊಂದು ಸಾಲ ಮಾಡಿ ಬೀದಿಬಾಗಿಲಿಗೆ ಇಟ್ಟಿಗೆ ಕಟ್ಟಿಸಿ, ಪಕ್ಕದ ಓಣಿಯ ಕಡೆಗೆ ಪೂರ್ವದ ಬಾಗಿಲು ಇಡಿಸಿದ. ಹಜಾರ ಹಗಲಿನಲ್ಲೂ ದೀಪ ಕೇಳುವಂತಾಯಿತು. ಅತ್ತೆಗೆ ಆದ ನಷ್ಟ ಬೇರೆ. ಅವರು ಮದುವೆಯಾಗಿ ಬಂದಂದಿನಿಂದ ಸಂಜೆಯ ಹೊತ್ತು ಆ ಬಾಗಿಲಿನ ಜಗಲಿಯ ಮೇಲೆ ಕುಳಿತು ಹೂ ಕಟ್ಟುತ್ತಾ, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದವರು. ಓಣಿಯ ಕಡೆಗೆ ಜಗಲಿಯಿಲ್ಲ, ಎದುರಿಗೆ ಪಕ್ಕದವರ ಗೋಡೆ. ನಾನು ಹೋದಾಗ ಒಳಗಿನ ಕತ್ತಲಲ್ಲಿ ಕುಳಿತಿದ್ದರು.

“ನಿಮ್ಮ ಮಾವ ಈ ಬಾಗಿಲಿಂದಲೇ ಕಣೋ ನನ್ನನ್ನು ಮನೆ ತುಂಬಿಸಿಕೊಂಡಿದ್ದು. ಆಗ ಎಲ್ಲಿದ್ದನಂತೆ ಯಮ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಅವರ ಮಗನನ್ನು ನಾನು ದೂರಲಾರೆ. ನಷ್ಟಕ್ಕೆ ಒಂದು ಕಾರಣ ಸಿಕ್ಕರೆ ಮನುಷ್ಯನಿಗೆ ಒಂದು ರಾತ್ರಿಯಾದರೂ ನಿದ್ರೆ ಬರುತ್ತದೆ. ಆ ನಿದ್ರೆಗೆ ಬೆಲೆ ಕಟ್ಟುವವರ ವಿಷಯದಲ್ಲಿ ಮಾತ್ರ ನನಗೆ ದಾಕ್ಷಿಣ್ಯವಿಲ್ಲ.

ಇದು ಸಣ್ಣ ಊರಿನವರ ದೌರ್ಬಲ್ಯವೆಂದು ಯಾರೂ ತಿಳಿಯಬೇಕಾಗಿಲ್ಲ. ವಿಧಾನಸೌಧದಲ್ಲಿ ಮುಖ್ಯಮಂತ್ರಿಗಳ ಕೊಠಡಿಗೆ ದಕ್ಷಿಣದ ಕಡೆ ಒಂದು ಬಾಗಿಲಿದೆ. ವಾಸ್ತುವಿನ ಅಂಜಿಕೆಯಿಂದ ಅದನ್ನು ಮುಚ್ಚಿಡಲಾಗಿತ್ತು. 2023ರ ಜೂನ್ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮುಚ್ಚಿದ ಬಾಗಿಲ ಮುಂದೆ ನಿಂತು, ತೆರೆಯಿಸಿ, ಅದರ ಮೂಲಕವೇ ಒಳಗೆ ಹೋದದ್ದು ಪತ್ರಿಕೆಗಳಲ್ಲೆಲ್ಲ ಬಂತು. ಗಾಳಿ ಬೆಳಕು ಚೆನ್ನಾಗಿ ಬರುವುದೇ ಒಳ್ಳೆಯ ವಾಸ್ತು ಎಂಬ ಅರ್ಥದ ಮಾತನ್ನು ಅವರು ಆಗ ಆಡಿದರು. ರಾಜಕೀಯದ ಮಾತು ಏನೇ ಇರಲಿ, ಲೋಕೋಪಕಾರದ ಚಾವುಂಡರಾಯನಿಗೆ ಈ ಮಾತು ಅಪರಿಚಿತವೆನಿಸುತ್ತಿರಲಿಲ್ಲ.

ಹೊಸ ಮನೆ ಕೊಳ್ಳುವ ಗೆಳೆಯರು ಕೇಳಿದರೆ ನಾನು ಹೇಳುವುದು ಇಷ್ಟು. ಏಪ್ರಿಲಿನ ಒಂದು ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಪಶ್ಚಿಮದ ಗೋಡೆಯ ಮೇಲೆ ಒಳಗಿನಿಂದ ಕೈಯಿಟ್ಟು ನೋಡಿ. ಜುಲೈಯಲ್ಲಿ ಮಳೆ ಹೊಡೆಯುವಾಗ ನೈಋತ್ಯದ ಕಿಟಕಿಯ ಕೆಳಗೆ ನೆಲ ಒದ್ದೆಯಾಗುತ್ತದೆಯೇ ನೋಡಿ. ಒಗ್ಗರಣೆಯ ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆಂದು ಅಡುಗೆ ಮಾಡುವವರನ್ನೇ ಕೇಳಿ. ಹೂಕುಂಡದ ತಟ್ಟೆಯಲ್ಲಿ, ಫೆಂಗ್ ಶುಯಿಯ ಬಿದಿರಿನ ಬಟ್ಟಲಲ್ಲಿ ಕೂಡ, ನೀರು ವಾರಗಟ್ಟಲೆ ನಿಂತಿದ್ದರೆ ರಾಸ್ ಸಾಹೇಬನನ್ನು ನೆನೆದು ಚೆಲ್ಲಿ. ದಿಕ್ಕು ತಿಳಿಯಲೇಬೇಕೆಂದಿದ್ದರೆ ತಾರಸಿಯ ಮೇಲೆ ಒಂದು ಗೂಟ ನಿಲ್ಲಿಸಿ ನೆರಳು ನೋಡಿದರೆ ಸಾಕು.

ಅತ್ತೆ ತೀರಿಕೊಂಡು ಕೆಲವು ವರ್ಷಗಳಾದವು. ಅವರ ಮಗ ಆ ಮನೆಯನ್ನು ಮಾರಿ ಮೈಸೂರಿಗೆ ಹೋದ. ಕೊಂಡವರು ಬೀದಿಯ ಕಡೆಯ ಇಟ್ಟಿಗೆ ಒಡೆಸಿ, ಅಲ್ಲಿ ಒಂದು ದಿನಸಿ ಅಂಗಡಿ ತೆರೆದಿದ್ದಾರೆ. ಗಿರಾಕಿಗಳು ಜಗಲಿಯ ಮೇಲೆ ಕುಳಿತು ಪತ್ರಿಕೆ ಓದುತ್ತಿರುತ್ತಾರೆ. ವ್ಯಾಪಾರ ಸುಮಾರಾಗಿ ನಡೆಯುತ್ತಿದೆಯೆಂದು ಕೇಳಿದ್ದೇನೆ.